ಚಿಂಚೋಳಿ ಕುಬಸಕ್ಕೆ ಪೀರು ಹೋದದ್ದು

ಚಿಂಚೋಳಿಯಿಂದ ಸುದ್ದಿ ಬಂದಾಗ ಮನೆಯವರೆಲ್ಲ ಉಣ್ಣಲು ಕೂತಿದ್ದರು. ಸುದ್ದಿ ತಂದವನು ಸುಲೇಪೇಟದ ಕಾಳಿನ ವ್ಯಾಪಾರಿ ಅಬ್ದುಲ್ ಗನಿ. ಹೊಸ್ತಿಲ ಹೊರಗೇ ನಿಂತು ಒಂದು ತಂಬಿಗೆ ನೀರನ್ನು ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಹೇಳಿದ:

"ದೇವಿಂದ್ರಪ್ಪಣ್ಣ, ನಿಮ್ಮ ತಂಗಿಗಿ ಏಳು ತಿಂಗಳು ಬಿದ್ದಾವ. ಹುಣ್ಣಿಮಿ ಆದ ಮ್ಯಾಲಿನ ಸೋಮವಾರ ಕುಬಸ ಇಟ್ಕೊಂಡಾರ. ತವರಮನಿಯಿಂದ ಹಸರ ಸೀರಿ ತಗೊಂಡು ಬರ್ರಿ ಅಂದಾರ. ಮತ್ತ ಜಗದೇವಕ್ಕ ಖಾಸ ಒಂದು ಮಾತು ಹೇಳಿ ಕಳಿಸ್ಯಾಳ. ಪೀರೂನ ಬಿಟ್ಟು ಬರಬ್ಯಾಡ್ರಿ ಅಂತ."

ಮೊದಲಿನ ಮಾತಿಗೆ ಎಲ್ಲರ ಮುಖ ಅರಳಿತು. ಕಡೆಯ ಮಾತಿಗೆ ಅರಳಿದ ಮುಖಗಳು ಕಹಿ ಸೌತೆಕಾಯಿ ಕಚ್ಚಿದಂತಾದವು. ಅರಳಿಯೇ ಉಳಿದದ್ದು ಪೀರಮ್ಮನದು ಒಂದೇ.

ಪೀರಮ್ಮನಿಗೆ ಹನ್ನೆರಡು ವರ್ಷ. ಕಾಲು ಎರಡೂ ಇದ್ದವು, ಆದರೆ ಕೆಲಸಕ್ಕೆ ಕರೆದರೆ ಬಾರದೆ ಊಟಕ್ಕೆ ಮಾತ್ರ ಜೊತೆಗೆ ಬಂದು ಕೂರುವ ಬೀಗರ ಹಾಗೆ. ಚಿಕ್ಕವಳಿದ್ದಾಗ ಬಂದ ಒಂದು ಜ್ವರ ಅವುಗಳ ಕಸುವನ್ನೆಲ್ಲ ಒಯ್ದಿತ್ತು. ಅಂಗೈಗೆ ಹವಾಯಿ ಚಪ್ಪಲಿ ಹಾಕಿಕೊಂಡು ಅವಳು ಮನೆಯೆಲ್ಲ ಸರಿದಾಡುತ್ತಿದ್ದಳು. ಶಹಾಬಾದದ ಮನೆ, ನೆಲಕ್ಕೆಲ್ಲ ನುಣ್ಣನೆಯ ಫರ್ಸಿ ಕಲ್ಲು. ಅಡುಗೆಮನೆಯಿಂದ ಪಡಸಾಲೆಗೆ ಅವಳು ಬರುವ ವೇಗಕ್ಕೆ ಬೆಕ್ಕು ಹೆದರುತ್ತಿತ್ತು. ಹೊಸ್ತಿಲು ದಾಟಿದರೆ ಮುಗಿಯಿತು. ಹೊರಗಿನದೆಲ್ಲ ಕಲ್ಲು, ಮುಳ್ಳು, ಹಂದಿ, ಮಂದಿ.

ಮನೆಯ ಹಿಂದಿನ ಬಯಲಲ್ಲಿ ಟೂರಿಂಗ್ ಟಾಕೀಸಿನ ಡೇರೆ. ಅದರೊಳಗೆ ಪೀರು ಒಂದು ದಿನವೂ ಹೋದವಳಲ್ಲ. ಆದರೆ ಹಿತ್ತಲಲ್ಲಿ ಕೂತರೆ ಮಾತೆಲ್ಲ ಕೇಳಿಸುತ್ತಿತ್ತು. ಕನ್ನಡ, ಹಿಂದಿ, ತೆಲುಗು, ಮೂರು ಭಾಷೆಯಲ್ಲಿ ಅತ್ತು, ಮೂರು ಭಾಷೆಯಲ್ಲಿ ಸೇಡು ತೀರಿಸಿಕೊಳ್ಳಲು ಕಲಿತಿದ್ದಳು.

"ಪೀರು ಬರೋದು ಆಗಂಗಿಲ್ಲ," ಎಂದಳು ಅಜ್ಜಿ ಶಿವಕಾಂತಮ್ಮ, ಅಬ್ದುಲ್ ಗನಿ ಓಣಿ ದಾಟುವ ಮೊದಲೇ. "ಬಸರ ಹೆಂಗಸು ಇಂಥಾದ್ದು ನೋಡಬಾರದು."

"ಇಂಥಾದ್ದು ಅಂದ್ರ ಯಾವುದು ಆಯಿ?"

"ನಿನಗಲ್ಲ ನಾ ಹೇಳಿದ್ದು."

"ಮತ್ತ್ಯಾರಿಗಿ? ಮನ್ಯಾಗ ಇಂಥಾದ್ದು ನಾ ಒಬ್ಬಾಕೇ ಅದೀನಿ."

ಅವ್ವ ಅಮೃತಮ್ಮ ಪುಂಡಿಪಲ್ಲೆಯ ಗಡಿಗೆಯನ್ನು ನೆಲಕ್ಕೆ ಕುಕ್ಕಿದಳು. "ಹುಡುಗಿನ್ನ ಸಾಕಿದಾಕಿನೇ ಜಗದೇವಿ. ಅಕಿ ಕಂಕಳಾಗೇ ಬೆಳದದ ಇದು. ಅವಾಗ ನೋಡಿದ್ದಕ್ಕ ಏನಾತು?"

"ಅವಾಗ ಅಕಿ ಬಸರಿದ್ದಿಲ್ಲ. ನಿನಗ ತಿಳ್ಯಾಂಗಿಲ್ಲ, ಸುಮ್ಮನಿರು."

ಪೀರು ರೊಟ್ಟಿಯ ತಟ್ಟೆ ಸರಿಸಿ, ಎದೆಗೆ ಕೈಯಿಟ್ಟು, ಕತ್ತು ಓರೆ ಮಾಡಿ, ಡೇರೆಯೊಳಗಿನ ರಾಣಿಯ ದನಿ ತೆಗೆದಳು: "ಮಹಾಪ್ರಭು, ಈ ಅಬಲೆಯ ಅಪರಾಧವಾದರೂ ಏನು? ಸೆರೆಮನೆಯ ಗೋಡೆಗಳೇ, ನೀವಾದರೂ ಉತ್ತರ ಕೊಡಿ."

"ಟಾಕೀಸ ಬಂದ್ ಮಾಡು," ಎಂದ ಅಪ್ಪ ದೇವಿಂದ್ರಪ್ಪ. ಅವನು ಫರ್ಸಿ ಕೊರೆಯುವ ಕಾರಖಾನೆಯಲ್ಲಿ ಮೇಸ್ತ್ರಿ. ದಿನವಿಡೀ ಕಲ್ಲಿನ ಧೂಳು ನುಂಗಿ ಬರುವುದರಿಂದ ಮನೆಯಲ್ಲಿ ಮಾತು ನುಂಗುವುದು ಅವನಿಗೆ ಕಷ್ಟವಿರಲಿಲ್ಲ. ಮಾತು ಆಡುವುದು ಕಷ್ಟವಿತ್ತು. "ಸೈದಾನಬಿ ಮನ್ಯಾಗ ಬಿಟ್ಟು ಹೋದ್ರಾತು. ಹಿಂದಕ್ಕೂ ಬಿಟ್ಟಿಲ್ಲೇನು?"

ಹಿಂದೆಯೂ ಬಿಟ್ಟಿದ್ದರು. ಜಗದೇವತ್ತೆಯ ಮದುವೆಗೇ ಬಿಟ್ಟಿದ್ದರು. ಮೈತೊಳೆದು, ತಲೆ ಬಾಚಿ, ಆರು ವರ್ಷ ಕಂಕುಳಲ್ಲಿ ಹೊತ್ತವಳ ಮದುವೆಯ ಹೊತ್ತಿಗೆ ಪೀರು ಪಕ್ಕದ ಮನೆಯ ಸೈದಾನಬಿಯ ಅಂಗಳದಲ್ಲಿ ಕೋಳಿಗಳ ಜೊತೆ ಕೂತಿದ್ದಳು. ಬರುವಾಗ ಒಂದು ಬುಂದಿ ಲಾಡು ತಂದು ಕೊಟ್ಟಿದ್ದರು. ಇರುವೆ ಹತ್ತಿದ್ದು.

ಈ ಸಲ ಪೀರು ಅಳಲಿಲ್ಲ. ಮರುದಿನ ಹಿತ್ತಲ ಗೋಡೆಯ ಹತ್ತಿರ ಸರಿದು ಹೋಗಿ ಸೈದಾನಬಿಯನ್ನು ಕರೆದಳು.

"ಖಾಲಾ, ಕಾಳಗ್ಯಾಗ ನಿನ್ನ ಮಗಳು ಅದಾಳಲ್ಲ, ಅಕಿಗಿ ನಿನ್ನ ನೆನಪು ಭಾಳ ಆಗ್ಯಾದಂತ."

"ಯಾರು ಹೇಳಿದ್ರು?"

"ನಾ ಹೇಳಾಕತ್ತೀನಿ. ಹುಣ್ಣಿಮಿ ಆದ ಮ್ಯಾಲಿನ ಸೋಮವಾರ ಭಾಳ ಅಂದ್ರ ಭಾಳ ನೆನಪಾಗ್ತದಂತ ಅಕಿಗಿ."

ಸೈದಾನಬಿ ಗೋಡೆಯ ಮೇಲೆ ಮೊಣಕೈ ಊರಿ ಹುಡುಗಿಯನ್ನು ನೋಡಿದಳು. ಅವಳ ಬಾಯಲ್ಲಿ ಎಲೆಯಡಿಕೆ ನಿಂತಿತು. "ಕುಬಸ ಅದೇ ದಿನ ಅಲ್ಲೇನು?"

"ಹೂಂ."

"ಶೈತಾನ್ ಹುಡುಗಿ. ನಾ ಕಾಳಗಿಗಿ ಹೋದ್ರ ನಿನ್ನ ಎಲ್ಲಿ ಇಡ್ತಾರ?"

"ಎಲ್ಲೂ ಜಾಗ ಇರಂಗಿಲ್ಲ. ಅದಕ್ಕ ಕರ್ಕೊಂಡು ಹೋಗ್ತಾರ."

ಸೈದಾನಬಿ ಪಿಚಕ್ಕನೆ ಉಗುಳಿ, ಬಾಯಿ ತುಂಬ ನಕ್ಕಳು. ಸಂಜೆ ತಾನೇ ಬಂದು ಶಿವಕಾಂತಮ್ಮನ ಮುಂದೆ ಕೂತು, ಮಗಳಿಗೆ ಮೈಯಲ್ಲಿ ಹುಷಾರಿಲ್ಲವೆಂದೂ, ಕಾಳಗಿಗೆ ಹೋಗಲೇಬೇಕೆಂದೂ ಕಣ್ಣೊರೆಸಿಕೊಂಡು ಹೇಳಿ ಹೋದಳು. ಕಣ್ಣು ಒರೆಸುವುದು ಕೊಂಚ ಹೆಚ್ಚಾಯಿತೆಂದು ಪೀರುವಿಗೆ ಅನಿಸಿತು. ಮೊದಲ ಸಲ ಪಾತ್ರ ಮಾಡುವವರು ಹಾಗೇ.

ಆಮೇಲಿನ ವಾರವೆಲ್ಲ ಮನೆಯಲ್ಲಿ ಜಗಳವೇ ಊಟ. ಅವ್ವ ಹಿಟ್ಟು ನಾದುತ್ತ ಜಗಳ ತೆಗೆಯುವಳು, ಅಜ್ಜಿ ಅಕ್ಕಿ ಹಸನು ಮಾಡುತ್ತ ಮುಂದುವರಿಸುವಳು, ಅಪ್ಪ ಮೈತೊಳೆದುಕೊಂಡು ಬಂದು ನಡುವೆ ಸಿಕ್ಕಿಬೀಳುವನು.

"ಹೊರೋರು ಯಾರು?" ಎನ್ನುವನು ಅಪ್ಪ. "ಹನ್ನೆರಡು ವರ್ಷದ ಹುಡುಗಿನ್ನ ಹೆಗಲ ಮ್ಯಾಲ ಹೊತ್ಕೊಂಡು ವಾಡಿ ಟೇಶನ್ನಾಗ ತಿರಗಿದ್ರ ಮಂದಿ ಏನಂತಾರ?"

"ಮಂದಿ ಹೊರ್ತಾರೇನು? ನಾ ಹೊರ್ತೀನಿ."

"ನಿನ್ನ ಸೊಂಟ ನೋಡ್ಕೋ ಮದಲ."

"ನನ್ನ ಸೊಂಟದ ಚಿಂತಿ ನಿಮಗ ಇವತ್ತು ಬಂತೇನು?"

"ಬೀಗತಿ ಕಾಶಮ್ಮ ಮಾರಿ ಮ್ಯಾಲ ಅಂದ್ಬಿಡ್ತಾಳ," ಎಂದಳು ಅಜ್ಜಿ ಅಕ್ಕಿಯಿಂದ ಕಲ್ಲು ಆರಿಸುತ್ತ. "ಇಂಥಾ ಕೂಸಿರೋ ಮನಿಯಿಂದ ಹೆಣ್ಣು ತಂದೀವಿ ಅಂತ ಮದಲೇ ಅಕಿಗಿ ಹೊಟ್ಟ್ಯಾಗ ಕಿಚ್ಚದ. ಮದುವ್ಯಾಗ ಈ ಹುಡುಗಿ ಇದ್ದಿದ್ದೇ ಹೇಳಿದ್ದಿಲ್ಲ ನಾವು, ಆಮ್ಯಾಲ ಗೊತ್ತಾತು ಅಕಿಗಿ."

ಇದು ಪೀರುವಿಗೆ ಹೊಸ ಸುದ್ದಿ. ಅವಳು ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಿದ್ದಳು. ಸುಲಿದದ್ದು ಒಳ್ಳೆಯದೋ ಹುಳುಕೋ ನೋಡದೆ ಬಾಯಿಗೆ ಹಾಕಿಕೊಂಡಳು. ಹುಳುಕು. ಉಗುಳಿದಳು.

"ನಾ ಇದ್ದಿದ್ದೇ ಹೇಳಿದ್ದಿಲ್ಲೇನು ಆಯಿ?"

"ಹೇಳಿದ್ರ ಮದುವಿ ಆಗ್ತಿತ್ತೇನು?"

"ನಾ ಅಂದ್ರ ಏನು, ಮನ್ಯಾಗಿನ ಸಾಲಾ?"

ಅಜ್ಜಿ ಮತ್ತೆ ಅಕ್ಕಿಯೊಳಗಿನ ಕಲ್ಲು ಹುಡುಕತೊಡಗಿದಳು. ಪೀರು ಸಿನಿಮಾದ ದನಿಯಲ್ಲಿ ಕೇಳಿರಲಿಲ್ಲ. ಅದಕ್ಕೇ ಇರಬೇಕು.

ಅಬ್ದುಲ್ ಗನಿ ಮತ್ತೆ ಕಾಳು ಮಾರಲು ಶಹಾಬಾದಕ್ಕೆ ಬಂದ ದಿನ ಅಪ್ಪ ಮತ್ತು ಅಜ್ಜಿ ಅವನನ್ನು ಬೇವಿನ ಗಿಡದ ಬುಡಕ್ಕೆ ಕರೆದೊಯ್ದು ಏನೋ ಪಿಸುಗುಟ್ಟಿದರು. ಅವನು ತಲೆ ಕೆರೆದುಕೊಂಡ, ಮನೆಯ ಕಡೆ ಒಮ್ಮೆ ನೋಡಿದ, ಆಮೇಲೆ ಹೂಂ ಎಂದ. ಅವನು ಚಿಂಚೋಳಿಗೆ ಹೋಗಿ ಬಂದು ಮತ್ತೆ ಹೂಂ ಎಂದ ಮೇಲೆ, ಆ ರಾತ್ರಿಯ ಊಟಕ್ಕೆ ಅಜ್ಜಿ ಇದ್ದಕ್ಕಿದ್ದಂತೆ ಹೇಳಿದಳು:

"ಬರ್ಲಿ ಬಿಡು. ಇಡಾಕ ಜಾಗಿಲ್ಲ ಅಂದ ಮ್ಯಾಲ ಏನ್ ಮಾಡೋದು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಪೀರು ಯಾರ ಮುಖವನ್ನೂ ನೋಡಲಿಲ್ಲ. ಚಪ್ಪಲಿ ಹಾಕಿದ ಎರಡೂ ಕೈಯಿಂದ ಫರ್ಸಿಯ ಮೇಲೆ ಡೋಲು ಬಾರಿಸಿ, ಬೆಕ್ಕನ್ನು ಅಟ್ಟಿಸಿಕೊಂಡು ಹಿತ್ತಲವರೆಗೆ ಹೋಗಿ ಬಂದಳು. ಗೋಡೆಯಾಚೆಗೆ ಸಣ್ಣದಾಗಿ ಸೀಟಿ ಹೊಡೆದಳು. ಸೈದಾನಬಿಯೂ ಆಚೆಯಿಂದ ಕೆಮ್ಮಿದಳು.

ಹೊರಡುವ ಹಿಂದಿನ ಸಂಜೆಯಿಂದ ಪೀರುವಿಗೆ ನೀರು ಬಂದ್.

ಇದಕ್ಕೆ ಮನೆಯಲ್ಲಿ ಗಾಡಿ ಪಥ್ಯ ಎಂದು ಹೆಸರು. ಕಲಬುರಗಿಯ ದವಾಖಾನೆಗೆ ಹೋಗುವಾಗಲೂ ಹೀಗೇ ಮಾಡುತ್ತಿದ್ದರು. ರೈಲುಗಾಡಿಯ ಸಂಡಾಸದ ಬಾಗಿಲು ಸಣ್ಣದು, ಒಳಗಿನ ನೆಲ ನೋಡಿದರೆ ಉಂಡದ್ದು ಬರಬೇಕು. ಕಾಲಿದ್ದವರು ತುದಿಗಾಲಲ್ಲಿ ದಾಟುತ್ತಾರೆ. ಪೀರುವಿನ ಕಾಲೆಂದರೆ ಅಂಗೈ. ಆ ಹೊಲಸಿನಲ್ಲಿ ಅಂಗೈ ಊರಬೇಕು, ಇಲ್ಲವೇ ಯಾರಾದರೂ ಎತ್ತಿ ಹಿಡಿಯಬೇಕು. ಎರಡಕ್ಕಿಂತ ಸುಲಭದ ದಾರಿ ಅಜ್ಜಿ ಕಂಡುಹಿಡಿದಿದ್ದಳು: ಕುಡಿಯದಿದ್ದರಾಯಿತು.

ಬೆಳಿಗ್ಗೆ ಖಡಕ್ ರೊಟ್ಟಿಗೆ ಶೇಂಗಾದ ಹಿಂಡಿ ಹಚ್ಚಿ ಕೊಟ್ಟರು. ಹಿಂಡಿ ಗಂಟಲಲ್ಲಿ ಮರಳಿನಂತೆ ಕೂತಿತು.

"ಒಂದು ಗುಟುಕು ಕುಡೀಲಿ ಅತ್ತಿ. ಉಗುಳೂ ಬರವಲ್ದು ಅದರ ಬಾಯಾಗ," ಎಂದಳು ಅವ್ವ.

"ಕುಡಿಸು. ಆಮ್ಯಾಲ ಎಲ್ಲಿ ಕುಂದ್ರಸ್ತಿ, ನಿನ್ನ ತೊಡಿ ಮ್ಯಾಲೇನು?"

ಅವ್ವ ತಂಬಿಗೆ ಹಿಡಿದು ನಿಂತಳು. ಅಪ್ಪನ ಕಡೆ ನೋಡಿದಳು. ಅಪ್ಪ ಇಸ್ತ್ರಿಯ ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಗುಂಡಿಗಳು ಬಹಳ ಇದ್ದವೆಂದು ಕಾಣುತ್ತದೆ, ತಲೆ ಎತ್ತಲಿಲ್ಲ.

"ಬ್ಯಾಡ ಬಿಡವ್ವ," ಎಂದಳು ಪೀರು. "ಮರುಭೂಮಿಯ ಒಂಟೆಯೇ, ನಿನ್ನ ಸಹೋದರಿ ಬರುತ್ತಿದ್ದಾಳೆ, ದಾರಿ ಬಿಡು."

ಕಾಲು ಕಾಣದಂತೆ ಅಜ್ಜಿ ಅವಳನ್ನು ಹಳೆಯ ಚಾದರದಲ್ಲಿ ಸುತ್ತಿದಳು. ಆ ಚಾದರಕ್ಕೆ ಸತ್ತ ಮುತ್ಯಾನ ಬೀಡಿಯ ವಾಸನೆ, ಇಲಿಯ ವಾಸನೆ, ಡಾಂಬರು ಗುಳಿಗೆಯ ವಾಸನೆ. ಹೀಗೆ ಗಂಟಾದ ಪೀರು ಅವ್ವನ ಬೆನ್ನ ಮೇಲೆ ಕೂತು, ಶಹಾಬಾದದ ಟೇಶನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿದಳು. ಅಪ್ಪ ಟ್ರಂಕು ಹಿಡಿದು ಹತ್ತು ಹೆಜ್ಜೆ ಮುಂದೆ. ಅಜ್ಜಿ ಹಸಿರು ಸೀರೆಯ ಗಂಟನ್ನು ಎದೆಗವಚಿ ಹಿಂದೆ. ನಡುವೆ ಅವ್ವ, ಏದುಸಿರು.

ಡಬ್ಬಿಯಲ್ಲಿ ಎದುರಿಗೆ ಕೂತ ಹೆಂಗಸು ಚಾದರದ ಸಂದಿಯಿಂದ ಪಾದ ಕಂಡದ್ದೇ ಸೀರೆಯನ್ನು ಎಳೆದುಕೊಂಡು ಸರಿದಳು. ಸರಿದವಳು ಬಾಯಿ ಮುಚ್ಚಿಕೊಂಡಾದರೂ ಕೂರಬಹುದಿತ್ತು.

"ಅಯ್ಯ ಪಾಪ. ಹುಟ್ಟಿದಾಗಿಂದೇ ಹಿಂಗೇನ್ರಿ?"

"ಇಲ್ರಿ," ಎಂದಳು ಅವ್ವ.

"ಯಾರ ಶಾಪನೋ. ಸಗಣ್ಯಾಗ ಕುತ್ತಿಗಿ ಮಟ ಹುಗದು ಕುಂದ್ರಸ್ರಿ, ಗ್ರಹಣದ ದಿನ. ನಮ್ಮ ಓಣ್ಯಾಗ ಒಬ್ಬಂವಗ ಹಂಗ ಮಾಡಿದ್ರು."

"ನಡದಾಡಾಕತ್ತಾನೇನ್ರಿ ಈಗ?" ಎಂದಳು ಪೀರು ಬಹಳ ವಿನಯದಿಂದ.

"ಇಲ್ಲವ್ವ, ತೀರ್ಕೊಂಡ."

"ಹಂಗಾರ ಗುಣ ಆತಲ್ರಿ."

ಆ ಹೆಂಗಸು ವಾಡಿಯವರೆಗೆ ಕಿಟಕಿಯ ಹೊರಗೆ ನೋಡಿದಳು. ಅಜ್ಜಿ ಪೀರುವಿನ ತೊಡೆ ಜಿಗುಟಿದಳು. ನೋವಾಯಿತು, ಆದರೆ ಎಳೆದುಕೊಳ್ಳಲು ಕಾಲು ಏಳಬೇಕಲ್ಲ. ಮುದುಕಿಗೆ ಅದು ಇನ್ನೂ ರೂಢಿಯಾಗಿರಲಿಲ್ಲ.

ವಾಡಿಯಲ್ಲಿ ಗಾಡಿ ಬದಲಿಸಬೇಕು. ಸೇಡಂ ಕಡೆ ಹೋಗುವ ಗಾಡಿ ನಿಲ್ಲುವುದು ಆಚೆಯ ಪ್ಲಾಟ್‌ಫಾರ್ಮಿನಲ್ಲಿ, ನಡುವೆ ಎತ್ತರದ ಸೇತುವೆಯ ಮೆಟ್ಟಿಲು. ಅವ್ವ ಮೆಟ್ಟಿಲ ಬುಡದಲ್ಲಿ ಪೀರುವನ್ನು ಇಳಿಸಿ, ಸೊಂಟ ಹಿಡಿದು ಕೂತಳು. ನೆಲದ ತುಂಬ ಎಲೆಯಡಿಕೆಯ ಕೆಂಪು, ಬಾಳೆಹಣ್ಣಿನ ಸಿಪ್ಪೆ, ನೊಣ. ನಲ್ಲಿಯ ಬಾಯಿಗೆ ಯಾರೋ ಕಫ ಉಗುಳಿ ಹೋಗಿದ್ದರು. ಅದೇ ನಲ್ಲಿಯಿಂದ ಸುರಿಯುವ ನೀರಿನ ಸದ್ದಿಗೆ ಪೀರುವಿನ ಗಂಟಲು ತಾನಾಗಿ ಮೇಲೆ ಕೆಳಗೆ ಆಯಿತು. ಅದಕ್ಕೂ ಅವಳಿಗೆ ಹೇಸಿಕೆ ಬಂತು.

ಆಗ ಕೋಟು ಹಾಕಿದ ಒಬ್ಬರು, ನಡೆಯುವುದನ್ನು ನಿಲ್ಲಿಸದೆಯೇ, ಚಾದರದ ಮೇಲೆ ಒಂದು ನಾಣ್ಯ ಒಗೆದು ಹೋದರು.

ಪೀರು ನಾಣ್ಯ ನೋಡಿದಳು. ಅಪ್ಪನನ್ನು ನೋಡಿದಳು. ಅಪ್ಪ ಕಂಡಿದ್ದ. ಕಂಡವನು ನಿಧಾನಕ್ಕೆ ತಿರುಗಿ, ಗೋಡೆಗೆ ಅಂಟಿಸಿದ ಗಾಡಿಗಳ ಹೊತ್ತಿನ ಹಲಗೆಯನ್ನು ಓದತೊಡಗಿದ.

ಅವಳು ಚಾದರ ಕಿತ್ತೆಸೆದು, ಕಣ್ಣು ಮೇಲೆ ಮಾಡಿ, ಒಂದು ಕೈ ಚಾಚಿ, ಮೂಗಿನಿಂದ ಶುರು ಮಾಡಿದಳು:

"ಅಪ್ಪಾ... ತಂದೀ... ಕಾಲಿಲ್ಲದ ಪರದೇಶಿ... ಬಿಳಿ ಅಂಗಿ ಹಾಕ್ಕೊಂಡು ಆ ಕಡಿ ಮಾರಿ ಮಾಡಿ ನಿಂತಾರಲ್ಲ, ಆ ದೊಡ್ಡ ಮನಷ್ಯಾರಿಗಿ ಏನರ ಕೇಳ್ರೀ... ಅವರಿಗೂ ಒಂದು ಹೆಣ್ಣ ಕೂಸಿತ್ತಂತ... ಎಲ್ಲೋ ಇಟ್ಟು ಮರತಾರಂತ..."

ಹಮಾಲರು ನಿಂತರು. ಚಹಾದವನು ನಿಂತ. ಯಾರೋ ನಕ್ಕರು, ಮತ್ತೊಬ್ಬರು ನಿಜಕ್ಕೂ ಕಿಸೆಗೆ ಕೈ ಹಾಕಿದರು. ದೇವಿಂದ್ರಪ್ಪ ಬಂದ. ಅವನ ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ನನ್ನ ಮಾನ ಕಳ್ಯಾಕ ಹುಟ್ಟೀಯೇನು?"

"ಅಂವಾ ರೊಕ್ಕ ಒಗದಾಗ ಇತ್ತಲ್ಲ ನಿನ್ನ ಮಾನ. ಹಲಗಿ ಓದಾಕತ್ತಿತ್ತು."

ಅಪ್ಪ ಟ್ರಂಕನ್ನು ಅವ್ವನ ಮುಂದೆ ಕುಕ್ಕಿ, ಪೀರುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ. ಚೀಲ ಹೊತ್ತವನ ಹಾಗೆ, ಮುಖ ಆಚೆಗೆ. ಅವನ ಕುತ್ತಿಗೆಯ ಬೆವರಿಗೆ ತೊಳೆದರೂ ಹೋಗದ ಕಲ್ಲಿನ ಧೂಳು ಅಂಟಿ ಕೆಸರಾಗಿತ್ತು. ಪೀರು ಸೇತುವೆಯ ಮೇಲಿಂದ ಎರಡೂ ಕಡೆಯ ಹಳಿ, ಗಾಡಿ, ಹೊಗೆ, ಇಡೀ ವಾಡಿಯನ್ನು ನೋಡಿದಳು. ಇಷ್ಟು ಎತ್ತರಕ್ಕೆ ಅವಳು ಎಂದೂ ಬಂದಿರಲಿಲ್ಲ. ಚಂದ ಇತ್ತು. ಚಂದ ಇದೆ ಎಂದು ಅಪ್ಪನಿಗೆ ಹೇಳುವ ಮನಸ್ಸಾಗಲಿಲ್ಲ.

ಸೇಡಮ್ಮಿನಲ್ಲಿ ಇಳಿದು ಚಿಂಚೋಳಿಯ ಬಸ್ಸಿಗೆ ನಿಂತರು. ರಾಜ್ಯದ ಹೆಸರು ಮೈಸೂರು ಹೋಗಿ ಕರ್ನಾಟಕ ಆಗಿ ಒಂದೆರಡು ತಿಂಗಳಾಗಿತ್ತು. ಬಸ್ಸಿನ ಹೆಸರು ಬದಲಾಗಿತ್ತು, ಮೆಟ್ಟಿಲು ಮಾತ್ರ ಮೊದಲಿನಷ್ಟೇ ಎತ್ತರ. ಅಜ್ಜಿ ಮತ್ತೆ ಸುತ್ತಿದ್ದ ಚಾದರದ ಗಂಟು ಕಂಡ ಕಂಡಕ್ಟರು, "ಸಾಮಾನು ಮ್ಯಾಲ ಹಾಕ್ರಿ," ಎಂದ.

"ಸಾಮಾನಿಗಿ ಬಾಯಿ ಅದ್ರಿ ಸಾಹೇಬ್ರ," ಎಂದಿತು ಗಂಟು.

ಅವನು ಬೆಚ್ಚಿ, ನಾಚಿ, ತಾನೇ ಕೈಕೊಟ್ಟು ಮೇಲೆಳೆದುಕೊಂಡ. ಸುಲೇಪೇಟ ದಾಟುವವರೆಗೆ ಪೀರು ಕಿಟಕಿಯ ಪಕ್ಕದಲ್ಲಿ ಕೂತು, ಒಣಗಿದ ತುಟಿ ನೆಕ್ಕುತ್ತ, ಜಗದೇವತ್ತೆಗೆ ಮೊದಲು ಏನು ಹೇಳಬೇಕೆಂದು ಡೈಲಾಗು ಹೊಂದಿಸಿದಳು. 'ವರುಷಗಳ ವನವಾಸ ಮುಗಿಸಿ ಬಂದಿದ್ದೇನೆ' ಎಂದರೆ ಅತ್ತೆ ನಗುತ್ತಾಳೆ. ನಕ್ಕರೆ ಅವಳ ಹೊಟ್ಟೆ ಕುಣಿಯುತ್ತದೆ. ಕುಣಿಯುವ ಹೊಟ್ಟೆಯ ಮೇಲೆ ಕೈಯಿಟ್ಟು ಒಳಗಿನದಕ್ಕೂ ಒಂದು ಮಾತು ಹೇಳಬೇಕು.

ಚಿಂಚೋಳಿಯಲ್ಲಿ ಕಾಶಮ್ಮನ ಮನೆಯ ಓಣಿ ಬಂದಿತು. ಬಾಗಿಲಿಗೆ ಮಾವಿನ ತೋರಣ, ಒಳಗೆ ಹೆಂಗಸರ ಗಲಗಲ, ಹೋಳಿಗೆಯ ವಾಸನೆ. ಅಪ್ಪ ಆ ಬಾಗಿಲಿಗೆ ಹೋಗಲಿಲ್ಲ. ಪೀರುವನ್ನು ಹೊತ್ತು ಎದುರಿನ ಮನೆಯ ಕಟ್ಟೆಗೆ ಹೋಗಿ, ಅಲ್ಲಿದ್ದ ಹೊರಸಿನ ಮೇಲೆ ಇಳಿಸಿದ.

"ಅತ್ತಿ ಮನಿ ಅದಲ್ಲೇನು?"

"ಮೈಗಿ ಧೂಳಾಗ್ಯಾದ. ಇಲ್ಲಿ ಸ್ವಲ್ಪ ಆರಾಮ ತಗೋ. ಆಮ್ಯಾಲ ಕರೀತಾರ."

ಅವ್ವನಿಗೂ ಅದನ್ನೇ ಹೇಳಿದ, ಕರೆಯುವವರೆಗೆ ಜಗದೇವಿಗೆ ಹೇಳಬೇಡ ಎಂದೂ. ಅವ್ವ ಅನುಮಾನದಿಂದ ಹಿಂದೆ ತಿರುಗಿ ನೋಡುತ್ತ ನೋಡುತ್ತ ಸೀರೆಯ ತಾಟು ಹಿಡಿದು ಒಳಗೆ ಹೋದಳು. ಉಡಿ ತುಂಬಲು ತವರಿನ ಕಡೆಯ ಮುತ್ತೈದೆ ಅವಳೊಬ್ಬಳೇ, ಹೋಗಲೇಬೇಕಿತ್ತು.

ಆ ಮನೆಯವಳು ಅಖ್ತರ ಬೇಗಂ. ದಪ್ಪನೆಯ ಹೆಂಗಸು, ಮೂಗಿನಲ್ಲಿ ಬುಲಾಕು. ಬಂದವಳೇ ಹುಡುಗಿಯ ಹಣೆ ಮುಟ್ಟಿ ನೋಡಿದಳು.

"ತಾಪ ಇಲ್ಲಲ್ಲ ನಿನಗ. ಹುಡುಗಿಗಿ ಜ್ವರ ಬಂದಾವ, ಕುಬಸ ಮುಗಿಯೋ ಮಟ ಇಟ್ಕೋ ಅಂದಿದ್ಲು ಕಾಶಮ್ಮ."

"ನನಗ ಜ್ವರ ಬಂದು ಹತ್ತು ವರ್ಷ ಆತ್ರಿ," ಎಂದಳು ಪೀರು. ಹೇಳುತ್ತಿದ್ದಂತೆ ಮಾತಿನ ಅರ್ಥ ಅವಳಿಗೇ ತಿಳಿಯಿತು. ಕುಬಸ ಮುಗಿಯುವವರೆಗೆ.

ಅಖ್ತರ ಬೇಗಂ ಚಾದರ ಸರಿಸಿ ಕಾಲು ನೋಡಿದಳು, ಎದುರಿನ ಬಾಗಿಲು ನೋಡಿದಳು. "ತೌಬಾ. ಇದಕ್ಕೇನು? ನನ್ನ ಮನಿ ಏನು ಇವರ ಸಾಮಾನದ ಕ್ವಾಣಿಯೇನು?" ಎಂದು ಗೊಣಗುತ್ತ ಒಳಗೆ ಹೋಗಿ ದೊಡ್ಡ ಲೋಟದ ತುಂಬ ನೀರು ತಂದಳು. ಪೀರು ಒಂದೇ ಉಸಿರಿಗೆ ಕುಡಿದು ಮತ್ತೆ ಚಾಚಿದಳು. ಅಖ್ತರ ಬೇಗಂ ಮತ್ತೆ ತಂದಳು. ಆಮೇಲೆ ಕೇಳದೆಯೇ ಅವಳನ್ನು ಎತ್ತಿ ಹಿತ್ತಲಿನ ಬಚ್ಚಲಿಗೆ ಒಯ್ದು, ಕೂರಿಸಿ, ತೊಳೆದು ತಂದು ಹೊರಸಿನ ಮೇಲಿಟ್ಟಳು. ಆ ಕೈಗಳಿಗೆ ಅವಸರವಿರಲಿಲ್ಲ. ಬೆಳಿಗ್ಗೆಯಿಂದ ಅವಳನ್ನು ಮುಟ್ಟಿದ ಕೈಗಳಲ್ಲಿ, ಅವ್ವನದು ಬಿಟ್ಟರೆ, ಮುಖ ತಿರುಗಿಸದವರ ಕೈ ಅದೊಂದೇ.

ಅಷ್ಟರಲ್ಲಿ ಎದುರಿನ ಬಾಗಿಲಲ್ಲಿ ಕಾಶಮ್ಮ ಕಾಣಿಸಿದಳು. ಜೊತೆಯಲ್ಲಿ ಶಿವಕಾಂತಮ್ಮ. ಕಾಶಮ್ಮನ ಮಾತು ಮೆತ್ತಗೆ ಇತ್ತು, ಬೆಣ್ಣೆಯಲ್ಲಿ ಕೂದಲು ಇದ್ದ ಹಾಗೆ:

"ಬೀಗತಿ, ತಪ್ಪ ತಿಳ್ಕೋಬ್ಯಾಡ್ರಿ. ಅಡಗಿ ಮನ್ಯಾಗ ಇವತ್ತು ಐದು ಮಂದಿ ಮುತ್ತೈದ್ಯಾರು ಬಂದು ಹೋಗ್ತಿರ್ತಾರ. ನಿಮಗ ಗೊತ್ತೇ ಅದಲ್ಲ. ನೀವೂ ಹುಡುಗಿ ಜೋಡಿ ಅಲ್ಲೇ ಕುಂದರ್ರಿ."

"ಕುಂದ್ರತೀನ್ರಿ, ಅದಕ್ಕೇನು," ಎಂದಳು ಶಿವಕಾಂತಮ್ಮ.

ಅಜ್ಜಿ ಓಣಿ ದಾಟಿ ಬಂದು ಹೊರಸಿನ ತುದಿಗೆ ಕೂತಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಪೀರುವಿನ ಬಾಯಲ್ಲಿ ಬೈಗುಳ ತುಂಬಿತ್ತು. ಮೊದಲು ಯಾವುದನ್ನು ಒಗೆಯಲಿ ಎಂದು ಆರಿಸುತ್ತಿದ್ದಳು.

"ಆಯಿ, ನನ್ನ ಕಾಲು ಹಿಂಗದ ಅಂತ ಇಲ್ಲಿ ಕುಂದ್ರಸೀರಿ. ನಿನ್ನ ಯಾಕ ಕುಂದ್ರಸ್ಯಾರ?"

"ಸುಮ್ಮನ ಕುಂದುರು."

"ನಿನಗೇನು ಕಾಲಿಲ್ಲೇನು?"

"ನನಗ ಕುಂಕುಮಿಲ್ಲ," ಎಂದಳು ಅಜ್ಜಿ.

ಎದುರು ಮನೆಯ ಮಾಳಿಗೆಯ ಮೇಲೆ ಕಾಗೆಯೊಂದು ಹೋಳಿಗೆಯ ಚೂರು ಹಿಡಿದು ಕೂತಿತ್ತು.

"ಕಳಿಸ್ತಾರ ಅಂತ ಗೊತ್ತಿತ್ತೇನು?"

"ಗೊತ್ತಿತ್ತು. ಮದುವ್ಯಾಗೂ ಹಿಂದಿನ ಕ್ವಾಣ್ಯಾಗ ಕುಂತಿದ್ದೆ. ಅಕ್ಕಿಕಾಳು ಹಾಕಾಕ ಕರೀಲಿಲ್ಲ."

"ಮತ್ತ ಇವತ್ತ್ಯಾಕ ಬಂದಿ?"

"ಮಗಳ ಮನಿ ಬಾಗಲರ ಕಾಣ್ತದಂತ."

ಪೀರುವಿಗೆ ಕರುಣೆ ಬರಲಿಲ್ಲ, ಸಿಟ್ಟು ಹೆಚ್ಚಾಯಿತು. ಈ ಮುದುಕಿಗೆ ಹಿಂದಿನ ಕೋಣೆ ಹೇಗಿರುತ್ತದೆಂದು ಗೊತ್ತಿತ್ತು. ಅಲ್ಲಿ ಕೂತು ಬಂದವಳೇ ಇನ್ನೊಬ್ಬರಿಗೆ ಅಲ್ಲಿ ಜಾಗ ಹುಡುಕಿದ್ದಳು.

"ಥೂ," ಎಂದಳು ಪೀರು. ಅಜ್ಜಿ ಯಾಕೆಂದು ಕೇಳಲಿಲ್ಲ.

ಒಳಗಿಂದ ಸೋಬಾನೆ ಹಾಡು ಶುರುವಾಗಿ ನಡುವೆ ತುಂಡಾಯಿತು. ಜಗದೇವಿಯ ದನಿ ಕೇಳಿಸಿತು. ಆ ದನಿಯನ್ನು ಪೀರು ಜಾತ್ರೆಯ ಗದ್ದಲದಲ್ಲೂ ಗುರುತಿಸುತ್ತಿದ್ದಳು.

"ಅಣ್ಣಾ, ಪೀರು ಎಲ್ಲಿ? ಬಂದಾಗಿಂದ ಯಾರೂ ಹೇಳವಲ್ರಿ. ನಮ್ಮವ್ವರ ಎಲ್ಲಿ?"

ದೇವಿಂದ್ರಪ್ಪ ಹೊಸ್ತಿಲ ಹತ್ತಿರ ಗಂಡಸರ ಜೊತೆ ನಿಂತಿದ್ದ. ಅಲ್ಲಿಂದಲೇ ಒಳಗೆ ಮುಖ ಮಾಡಿ ಹೇಳಿದ: "ಅವ್ವ ಅಡಗಿ ಮನ್ಯಾಗ ಅದಾಳ. ಪೀರೂಗ ಜ್ವರ ಬಂದಾವ, ಶಹಾಬಾದದಾಗ ಬಿಟ್ಟು ಬಂದೀವಿ. ನೀ ಸೀರಿ ಉಟ್ಕೋ, ಹೊತ್ತಾಗ್ಲಿಕತ್ತದ."

ಹೇಳಿ ತಿರುಗಿದವನಿಗೆ ಎದುರಿನ ಕಟ್ಟೆಯ ಮೇಲೆ ಮಗಳು ಕಂಡಳು. ಇಬ್ಬರ ನಡುವೆ ಒಂದು ಓಣಿಯಷ್ಟೇ ಅಗಲ. ಈಗ ಓದಲು ಅವನಿಗೆ ಹಲಗೆ ಇರಲಿಲ್ಲ. ನೆಲ ನೋಡಿದ.

ಒಳಗೆ ಅಮೃತಮ್ಮನ ದನಿ ಎದ್ದಿತು: "ಏನಂದ್ರಿ? ಜ್ವರ ಅಂದ್ರೇನು?" ತಾಟು ನೆಲಕ್ಕೆ ಬಿದ್ದ ಸದ್ದು. ಕಾಶಮ್ಮ ಯಾರನ್ನೋ ಗದರಿಸಿದಳು.

ಪೀರು ಬಾಯಿ ತೆರೆದಳು. ಬಸ್ಸಿನಲ್ಲಿ ಹೊಂದಿಸಿದ್ದ ವನವಾಸವಾಗಲಿ, ಡೇರೆಯ ರಾಣಿಯ ಸೆರೆಮನೆಯಾಗಲಿ ಬಾಯಿಗೆ ಬರಲಿಲ್ಲ. ಮೂರು ಭಾಷೆಯ ಮಾತುಗಳೂ ಕೈಕೊಟ್ಟವು.

"ಅತ್ತೀ," ಎಂದಳು. "ನಾ ಇಲ್ಲೇ ಅದೀನಿ. ಎದುರ ಮನ್ಯಾಗ."

ಗಲಗಲ ನಿಂತಿತು. ಆಮೇಲೆ ಬಳೆಯ ಸದ್ದು ಬಂತು, ಬಹಳ ಬಳೆಗಳದು. ಜಗದೇವಿ ಹೊಸ್ತಿಲಿಗೆ ಬಂದಳು. ಹಸಿರು ಸೀರೆ ಅರ್ಧ ಉಟ್ಟು ಅರ್ಧ ಕೈಯಲ್ಲಿ ಹಿಡಿದಿದ್ದಳು, ಬೆವರಿಗೆ ಕುಂಕುಮ ಮೂಗಿನವರೆಗೆ ಇಳಿದಿತ್ತು. ಕಾಶಮ್ಮ ಹಿಂದಿನಿಂದ ಅವಳ ರಟ್ಟೆ ಹಿಡಿದಳು.

"ಹೊಸ್ತಿಲ ದಾಟಬ್ಯಾಡ ಜಗದೇವಿ. ಹೊಟ್ಟ್ಯಾಗಿಂದರ ನೆನಸ್ಕೋ."

"ಕೈ ಬಿಡ್ರಿ ಅತ್ತಿ."

"ಆ ಕಡಿ ನೋಡಬ್ಯಾಡಂತೀನಿ."

ಜಗದೇವಿ ಓಣಿಗೆ ಇಳಿದಳು. ಅವಳು ಬರುವುದು ಕಂಡದ್ದೇ ಶಿವಕಾಂತಮ್ಮ ಹೊರಸಿನ ಮೇಲೆ ಗಡಬಡಿಸಿ ಸರಿದು, ಸೆರಗು ಬಿಚ್ಚಿ ತನ್ನ ಮುಖದ ಮೇಲೆ ಎಳೆದುಕೊಂಡಳು. ಅದೇ ಸೆರಗನ್ನು ಹರವಿ ಪೀರುವಿನ ತಲೆಯ ಮೇಲೂ ಹಾಕಿ, ಇಬ್ಬರನ್ನೂ ಒಂದೇ ಗಂಟಾಗಿ ಅಮುಕಿ ಹಿಡಿದಳು.

"ನೋಡಬ್ಯಾಡವ್ವ ಮಗಳ," ಎಂದು ಒಳಗಿಂದ ಕೂಗಿದಳು. "ಇವತ್ತಿನ ದಿನ ನಮ್ಮ ಮಾರಿ ನೋಡಬ್ಯಾಡ. ಒಳಗ ಹೋಗು, ನಿನ್ನ ಕೈ ಮುಗೀತೀನಿ."

ಸೆರಗಿನೊಳಗೆ ಕತ್ತಲು. ಮುದುಕಿಯ ಬೆವರು, ನಶ್ಯ, ಹಸಿದ ಬಾಯಿಯ ಹುಳಿ ವಾಸನೆ. ಅಜ್ಜಿಯೂ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಅವಳ ಎದೆ ಕೋಳಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಪೀರುವಿಗೆ ಉಸಿರು ಕಟ್ಟಿತು. ಅವಳು ಸೆರಗಿನ ಅಂಚು ಹಿಡಿದು ಜಗ್ಗಿದಳು. ಮುದುಕಿ ಮೇಲಕ್ಕೆ ಎಳೆದಳು. ಪೀರು ಕೆಳಕ್ಕೆ ಎಳೆದಳು. ಇಷ್ಟು ವರ್ಷ ಇಡೀ ಮೈಯನ್ನು ಎಳೆದಾಡಿದ ಕೈ ಅದು. ಒಂದು ಸೆರಗು ಅದಕ್ಕೆ ಲೆಕ್ಕವಲ್ಲ.

"ಬಿಡು ಪೀರು. ಹುಟ್ಟೋ ಕೂಸಿಗಿ ಏನರ ಆದ್ರ ಏನ್ ಮಾಡೋದು?"

"ನಾ ಅದೀನಲ್ಲ. ಸರದಾಡೋದು ಕಲಿಸ್ತೀನಿ."

ಸೆರಗು ಜಾರಿತು. ಮೊದಲು ಪೀರುವಿನ ಮುಖ ಬಿಸಿಲಿಗೆ ಬಂತು, ಆಮೇಲೆ ಅಜ್ಜಿಯ ಬೋಳು ಹಣೆ.

ಜಗದೇವಿ ಓಣಿಯ ನಡುವೆ ನಿಂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಅವಳಿಗೂ ಹೆದರಿಕೆ ಇತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಹಿಂದೆ ಹೊಸ್ತಿಲ ತುಂಬ ಹೆಂಗಸರು. ಅವರನ್ನು ತಳ್ಳಿಕೊಂಡು ಅಮೃತಮ್ಮ ಹೊರಗೆ ಬರುತ್ತಿದ್ದಳು. ಕಾಶಮ್ಮ ಸೊಸೆಯನ್ನು ಮತ್ತೆ ಮತ್ತೆ ಕರೆಯುತ್ತಿದ್ದಳು.

ಜಗದೇವಿ ತಿರುಗಲಿಲ್ಲ. ತನ್ನ ಹೆತ್ತವ್ವನ ಮುಖ ನೋಡಿದಳು, ಪೀರುವಿನ ಮುಖ ನೋಡಿದಳು, ಮತ್ತೆ ಹೆತ್ತವ್ವನ ಮುಖ. ಶಿವಕಾಂತಮ್ಮ ಸೆರಗಿಗಾಗಿ ತಡವರಿಸಿ ಎಳೆಯುತ್ತಲೇ ಇದ್ದಳು. ಪೀರು ಅದನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು, ಬಿಡಲಿಲ್ಲ.